ಅಂಗಳದಲ್ಲಿ ಇಳಿಸಿದ ಹಳೆ ಆಯಿಲ್ ಎಲ್ಲಿಗೆ ಹೋಗಬೇಕು?

ಮಾನ್ಯ ಸಂಪಾದಕರೇ,

ಜೂನ್, ಜುಲೈ ತಿಂಗಳುಗಳಲ್ಲಿ ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಟೊಮೆಟೊ ಹೇರಿಕೊಂಡು ಬರುವ ಪಿಕಪ್ ವಾಹನಗಳ ಸಾಲನ್ನು ಕಂಡವರಿಗೆ, ಈ ಜಿಲ್ಲೆಯ ಬೇಸಾಯ ಎಷ್ಟರಮಟ್ಟಿಗೆ ಆ ಸಣ್ಣ ಡೀಸೆಲ್ ಎಂಜಿನ್ನುಗಳನ್ನು ನಂಬಿಕೊಂಡಿದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಳಬಾಗಿಲು ತಾಲ್ಲೂಕಿನ ಟೊಮೆಟೊ ಬೆಳೆಗಾರನಾದ ನಾನು ಕಳೆದ ಆರು ವರ್ಷಗಳಿಂದ ನನ್ನ ಪಿಕಪ್ ವಾಹನದ ಎಂಜಿನ್ ಆಯಿಲ್ ಮತ್ತು ಆಯಿಲ್ ಫಿಲ್ಟರನ್ನು ಮನೆಯ ಅಂಗಳದಲ್ಲಿ ನಾನೇ ಬದಲಿಸಿಕೊಳ್ಳುತ್ತಿದ್ದೇನೆ. ನನ್ನಂತೆಯೇ ಮಾಡುವವರು ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಈಗ ಹಲವರಿದ್ದಾರೆ. ಈ ಕೆಲಸವನ್ನು ಕ್ರಮವಾಗಿ ಮಾಡುವ ಬಗೆಯನ್ನು ಓದುಗರ ಮುಂದಿಡಬೇಕು, ಹಾಗೆ ಇಳಿಸಿದ ಹಳೆ ಆಯಿಲನ್ನು ಒಪ್ಪಿಸುವುದಕ್ಕೆ ಹಳ್ಳಿಯವರಿಗೂ ಒಂದು ಜಾಗವನ್ನು ಗೊತ್ತುಮಾಡಿಕೊಡಿ ಎಂದು ಸಂಬಂಧಪಟ್ಟವರನ್ನು ಕೇಳಬೇಕು ಎಂಬ ಎರಡು ಕಾರಣಗಳಿಗಾಗಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ಈ ಕೆಲಸಕ್ಕೆ ಕೈಹಾಕಿದ್ದು ಕೂಲಿ ಉಳಿಸಬೇಕೆಂದಲ್ಲ. ಒಮ್ಮೆ ಪೇಟೆಯ ಒಂದು ಗ್ಯಾರೇಜಿನಲ್ಲಿ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿದ್ದೇವೆಂದು ಹೇಳಿ ಹಣ ತೆಗೆದುಕೊಂಡರು. ಮನೆಗೆ ಬಂದು ಬಗ್ಗಿ ನೋಡಿದರೆ, ಹಿಂದಿನ ಸಲ ನನ್ನ ತಮ್ಮ ಪೇಂಟಿನಲ್ಲಿ ತಾರೀಕು ಬರೆದಿದ್ದ ಅದೇ ಫಿಲ್ಟರ್ ಮಣ್ಣು ಮೆತ್ತಿಕೊಂಡು ಇದ್ದಲ್ಲೇ ಇತ್ತು. ಅದಾದರೂ ಸಣ್ಣ ನಷ್ಟ. ಅದೇ ಗ್ಯಾರೇಜಿನಲ್ಲಿ, ಆಯಿಲ್ ಇಳಿಸಲು ಕೆಳಗಿರುವ ಡ್ರೈನ್ ಬೋಲ್ಟನ್ನು ಪಾನಾಕ್ಕೆ ಉದ್ದನೆಯ ಪೈಪು ಸಿಕ್ಕಿಸಿ ಬಿಗಿದಿದ್ದರೆಂದು ತೋರುತ್ತದೆ. ಮುಂದಿನ ಸಲ ಅದನ್ನು ಬಿಚ್ಚುವಾಗ ಆಯಿಲ್ ಚೇಂಬರಿನ ಥ್ರೆಡ್ ಬೋಲ್ಟಿನ ಜೊತೆಗೇ ಕಿತ್ತು ಬಂತು. ಚೇಂಬರನ್ನೇ ಬದಲಿಸಬೇಕಾಯಿತು. ಸುಗ್ಗಿಯ ನಡುವೆ ನಾಲ್ಕು ದಿನ ವಾಹನ ನಿಂತಿತು, ಆ ನಾಲ್ಕು ದಿನವೂ ಬಾಡಿಗೆ ಗಾಡಿಯಲ್ಲಿ ಮಾಲು ಸಾಗಿಸಿದೆವು. ಹಣ್ಣಾಗಿ ಬಣ್ಣ ತಿರುಗಿದ ಟೊಮೆಟೊ ಯಾರಿಗಾಗಿಯೂ ಕಾಯುವುದಿಲ್ಲ ಎಂಬುದು ಬೆಳೆದವರಿಗೆ ಗೊತ್ತು. ಅಲ್ಲಿಂದ ಮುಂದೆ ಈ ಒಂದು ಕೆಲಸವನ್ನು ಬೇರೆಯವರ ಕೈಗೆ ಬಿಡಬಾರದೆಂದು ತೀರ್ಮಾನಿಸಿದೆ. ಹಾಗೆಂದು ಮೆಕ್ಯಾನಿಕ್ ವೃತ್ತಿಯವರ ಮೇಲೆ ನನಗೆ ಅಸಮಾಧಾನವಿಲ್ಲ. ಕ್ಲಚ್, ಬ್ರೇಕ್, ಇಂಜೆಕ್ಟರ್ ಕೆಲಸಕ್ಕೆ ಇಂದಿಗೂ ನಾನು ಅವರ ಬಳಿಗೇ ಹೋಗುತ್ತೇನೆ, ಅವರಲ್ಲಿ ಒಬ್ಬ ಹಿರಿಯರೇ ನನಗೆ ಆಯಿಲ್ ಬದಲಿಸುವುದನ್ನು ಕಲಿಸಿದವರು.

ಆಯಿಲ್ ಎಂದರೆ ಜಾರುವುದಕ್ಕೆ ಹಾಕುವ ಜಿಡ್ಡು ಎಂದಷ್ಟೇ ತಿಳಿದವರು ಬಹಳ. ಎಂಜಿನ್ನಿನೊಳಗೆ ಲೋಹಕ್ಕೆ ಲೋಹ ತಾಗದಂತೆ ಕಾಯುವುದರ ಜೊತೆಗೆ ಅದು ಪಿಸ್ಟನ್ನಿನ ಬಿಸಿಯನ್ನು ಹೊತ್ತು ಕೆಳಗಿಳಿಸುತ್ತದೆ, ಡೀಸೆಲ್ ಉರಿದು ಹುಟ್ಟುವ ಮಸಿಯನ್ನು ಒಂದೆಡೆ ಗಡ್ಡೆಕಟ್ಟದಂತೆ ತನ್ನೊಳಗೆ ತೇಲಿಸಿಕೊಳ್ಳುತ್ತದೆ, ಉರಿತದಿಂದ ಉಂಟಾಗುವ ಆಮ್ಲದ ಅಂಶವನ್ನು ತನ್ನಲ್ಲಿ ಬೆರೆಸಿರುವ ರಾಸಾಯನಿಕಗಳಿಂದ ತಣಿಸುತ್ತದೆ. ಹೊಸ ಆಯಿಲ್ ಹಾಕಿದ ಕೆಲವೇ ದಿನಗಳಲ್ಲಿ ಡೀಸೆಲ್ ಎಂಜಿನ್ನಿನಲ್ಲಿ ಅದು ಕಪ್ಪಾಗುವುದು ಆ ಮಸಿಯನ್ನು ಹೊತ್ತುಕೊಂಡದ್ದರಿಂದಲೇ; ಆದ್ದರಿಂದ ಬಣ್ಣ ನೋಡಿ ಆಯಿಲ್ ಕೆಟ್ಟಿತೆಂದು ಹೆದರಬೇಕಾಗಿಲ್ಲ. ಬೆರೆಸಿದ ರಾಸಾಯನಿಕಗಳು ಸವೆದು ತೀರಿದ ಮೇಲೆ ಆಯಿಲ್ ನೋಡಲು ಮೊದಲಿನಂತೆಯೇ ಇದ್ದರೂ ಕೆಲಸಕ್ಕೆ ಬಾರದು ಎಂಬುದನ್ನು ಮರೆಯಲೂಬಾರದು. ಎಷ್ಟು ಓಡಿದ ಮೇಲೆ ಬದಲಿಸಬೇಕೆಂಬುದನ್ನು ವಾಹನದ ಕೈಪಿಡಿಯೇ ಹೇಳುತ್ತದೆ. ಆದರೆ ನಮ್ಮ ವಾಹನಗಳ ದುಡಿಮೆಗೆ ಕಿಲೋಮೀಟರಿನ ಲೆಕ್ಕವೊಂದೇ ಸಾಲುವುದಿಲ್ಲ ಎಂಬುದು ನನ್ನ ಅನುಭವ. 15 ಕೆ.ಜಿ.ಯ ನೂರು ಬಾಕ್ಸ್ ಹೇರಿದರೆ ಒಂದೂವರೆ ಟನ್ ತೂಕ. ತೋಟದಿಂದ ಡಾಂಬರು ರಸ್ತೆಗೆ ಬರುವವರೆಗೆ ಒಂದನೇ, ಎರಡನೇ ಗೇರಿನಲ್ಲಿ ಕೆಂಪು ದೂಳಿನ ನಡುವೆ ಎಳೆಯಬೇಕು. ಮಂಡಿಯ ಬಾಗಿಲಲ್ಲಿ ಗಂಟೆಗಟ್ಟಲೆ ಎಂಜಿನ್ ಓಡುತ್ತಲೇ ಇರುತ್ತದೆ, ಚಕ್ರ ಮಾತ್ರ ಒಂದೊಂದೇ ಮಾರು ಮುಂದೆ ಹೋಗುತ್ತದೆ. ಆ ಗಂಟೆಗಳು ಮೀಟರಿನಲ್ಲಿ ಬರುವುದಿಲ್ಲ, ಆಯಿಲಿಗೆ ಮಾತ್ರ ಅವೂ ದುಡಿಮೆಯೇ. ಹೆಚ್ಚು ಹೊರೆ, ದೂಳು, ನಿಂತಲ್ಲೇ ಓಟ ಇರುವ ವಾಹನಗಳಿಗೆ ಕೈಪಿಡಿಗಳಲ್ಲಿ ಕಡಿಮೆ ಅವಧಿಯನ್ನು ಬೇರೆಯಾಗಿ ಹೇಳಿರುವುದುಂಟು. ನಮ್ಮ ವಾಹನಗಳು ಆ ಗುಂಪಿಗೇ ಸೇರಿದವೆಂದು ಭಾವಿಸುವುದು ಕ್ಷೇಮ.

ಯಾವ ಆಯಿಲ್ ಎಂಬ ವಿಷಯದಲ್ಲಿ ಅಂಗಡಿಯವರ ಮಾತಿಗಿಂತ ಕೈಪಿಡಿಯ ಮಾತು ನಡೆಯಬೇಕು. ಹಳೆಯ ಪಿಕಪ್ಪುಗಳಿಗೆ ಸಾಮಾನ್ಯವಾಗಿ 15ಡಬ್ಲ್ಯು-40 ಮಂದತೆಯ ಆಯಿಲ್ ಒಪ್ಪುತ್ತದೆ. 2020ರ ಏಪ್ರಿಲ್ 1ರಿಂದ ಮಾರಾಟವಾಗುತ್ತಿರುವ, ಹೊಗೆಯ ಮಾಲಿನ್ಯಕ್ಕೆ ಬಿಗಿ ಮಿತಿಯಿರುವ ಬಿಎಸ್-6 ಡೀಸೆಲ್ ವಾಹನಗಳ ಪೈಕಿ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಇರುವವುಗಳಿಗೆ ಉರಿದಾಗ ಕಡಿಮೆ ಬೂದಿ ಬಿಡುವ ಬಗೆಯ ಆಯಿಲೇ ಬೇಕು. ಹಳೆಯ ಬಗೆಯದನ್ನು ಹಾಕಿದರೆ ಅದರ ಬೂದಿ ಡಿಪಿಎಫ್‌ನಲ್ಲಿ ಕೂತು, ಮತ್ತೆ ಸುಟ್ಟು ಶುಚಿ ಮಾಡಲಾಗದಂತೆ ಅದನ್ನು ಕಟ್ಟಿಸುತ್ತದೆ. ಡಬ್ಬದ ಸೀಲನ್ನು ನಮ್ಮ ಕಣ್ಣೆದುರೇ ಒಡೆಯಬೇಕು, ಖಾಲಿಯಾದ ಡಬ್ಬಕ್ಕೆ ಮೊಳೆಯಿಂದ ತೂತು ಹೊಡೆದೇ ಗುಜರಿಗೆ ಹಾಕಬೇಕು, ಏಕೆಂದರೆ ಹೆಸರಾದ ಕಂಪನಿಗಳ ಖಾಲಿ ಡಬ್ಬಗಳಲ್ಲಿ ಕಳಪೆ ಆಯಿಲ್ ತುಂಬಿ ಮಾರುವ ದಂಧೆಗೆ ನಮ್ಮ ಖಾಲಿ ಡಬ್ಬವೇ ಬಂಡವಾಳ. ವಾರಂಟಿ ಇನ್ನೂ ಮುಗಿಯದ ಹೊಸ ವಾಹನದವರು ಈ ಕೆಲಸವನ್ನು ಮನೆಯಲ್ಲಿ ಮಾಡುವ ಮುನ್ನ ವಾರಂಟಿಯ ಷರತ್ತುಗಳನ್ನು ಓದಿಕೊಳ್ಳಬೇಕು.

ಇನ್ನು ಕೆಲಸದ ಕ್ರಮ. ವಾಹನವನ್ನು ಮಟ್ಟಸವಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗೇರಿಗೆ ಹಾಕಿ, ಹಿಂದಿನ ಚಕ್ರಗಳ ಎರಡೂ ಮಗ್ಗುಲಿಗೆ ಕಲ್ಲು ಕೊಡಬೇಕು. ಪಿಕಪ್ ನೆಲದಿಂದ ಸಾಕಷ್ಟು ಎತ್ತರವಿರುವುದರಿಂದ ಒಂದು ಗೋಣಿಚೀಲ ಹಾಸಿಕೊಂಡು ಕೆಳಗೆ ಜಾರಿದರೆ ಕೈ ಆಡಿಸಲು ಜಾಗ ಸಿಗುತ್ತದೆ, ಎತ್ತುವ ಅಗತ್ಯ ಬೀಳುವುದಿಲ್ಲ. ಎತ್ತಲೇಬೇಕಾದರೆ ಬರಿಯ ಜಾಕಿಯ ಮೇಲೆ ನಿಂತ ವಾಹನದ ಕೆಳಗೆ ತಲೆ ಒಡ್ಡಬಾರದು. ಜಾಕಿ ಚಕ್ರ ಬಿಚ್ಚುವುದಕ್ಕೆ ಇರುವ ಸಾಧನ, ಮನುಷ್ಯನ ಜೀವಕ್ಕೆ ಆಸರೆಯಲ್ಲ. ಕೆಳಗೆ ಜಾರುವ ಮುನ್ನ ಗೇರನ್ನು ನ್ಯೂಟ್ರಲ್‌ಗೆ ತಂದು ಎಂಜಿನ್ನನ್ನು ಐದು ನಿಮಿಷ ಓಡಿಸಿ, ಆರಿಸಿ, ಮತ್ತೆ ಗೇರಿಗೆ ಹಾಕಿದರೆ ಆಯಿಲ್ ಬೆಚ್ಚಗಾಗಿ ತೆಳುವಾಗುತ್ತದೆ, ತಳದಲ್ಲಿ ಕೂತ ಮಸಿಯೂ ಅದರೊಡನೆ ಇಳಿದುಬರುತ್ತದೆ. ದೂರದಿಂದ ಬಂದ ಕೂಡಲೇ ಬಿಚ್ಚಿದರೆ ಕೈ ಬೇಯುತ್ತದೆ, ಅರ್ಧ ಗಂಟೆಯಾದರೂ ಬಿಡಬೇಕು.

ಡ್ರೈನ್ ಬೋಲ್ಟಿಗೆ ಅಳತೆ ಸರಿಹೋಗುವ ರಿಂಗ್ ಪಾನಾವನ್ನೇ ಹಾಕಬೇಕು. ಬಾಯ್ತೆರೆದ ಪಾನಾ ಅಥವಾ ತಿರುಗಿಸಿ ಹೊಂದಿಸುವ ಪಾನಾ ಬೋಲ್ಟಿನ ಮೂಲೆಗಳನ್ನು ಸವೆಸಿ ಉರುಟು ಮಾಡುತ್ತದೆ. ಕೆಳಗೆ ಗಾರೆ ಬಾಂಡ್ಲಿಗಿಂತ ಆಳವಾದ ಪಾತ್ರೆ ಇರಲಿ. ನನ್ನ ವಾಹನದಿಂದ ಸುಮಾರು ಆರು ಲೀಟರ್ ಇಳಿಯುತ್ತದೆ, ಬಾಂಡ್ಲಿಯಲ್ಲಿ ಅದನ್ನು ಚೆಲ್ಲದೆ ಎತ್ತುವುದು ಕಷ್ಟ. ನಾನು ಇಪ್ಪತ್ತು ಲೀಟರಿನ ಹಳೆಯ ಕ್ಯಾನಿನ ಒಂದು ಮಗ್ಗುಲನ್ನು ಕೊಯ್ದು ಮಲಗಿಸಿ ಇಟ್ಟುಕೊಂಡಿದ್ದೇನೆ. ಕೊನೆಯ ಸುತ್ತುಗಳನ್ನು ಕೈಯಲ್ಲಿ ಬಿಚ್ಚುವಾಗ ಬೋಲ್ಟನ್ನು ಮೇಲಕ್ಕೆ ಒತ್ತಿ ಹಿಡಿದಿದ್ದು ಒಮ್ಮೆಲೇ ಸರಿಸಿದರೆ ಆಯಿಲ್ ಮೊಳಕೈವರೆಗೆ ಹರಿಯುವುದು ತಪ್ಪುತ್ತದೆ. ಆ ಮೊದಲ ಧಾರೆ ನೇರವಾಗಿ ಬೀಳದೆ ಸ್ವಲ್ಪ ದೂರ ಚಿಮ್ಮುತ್ತದೆ, ಪಾತ್ರೆಯನ್ನು ಅದಕ್ಕೆ ತಕ್ಕಂತೆ ಇಡಬೇಕು. ರಬ್ಬರ್ ಕೈಗವಸು ಹಾಕಿಕೊಳ್ಳುವುದನ್ನು ನಾಜೂಕಿನವರ ಲಕ್ಷಣವೆಂದು ತಿಳಿಯಬೇಡಿ. ಉರಿತದಿಂದ ಬಳಸಿದ ಆಯಿಲಿನಲ್ಲಿ ಸೇರಿಕೊಳ್ಳುವ ಹೈಡ್ರೋಕಾರ್ಬನ್‌ಗಳಲ್ಲಿ ಕ್ಯಾನ್ಸರ್ ತರಬಲ್ಲವೂ ಇವೆ, ವರ್ಷಗಟ್ಟಲೆ ಬರಿಗೈಯಲ್ಲಿ ಅದನ್ನು ಮುಟ್ಟುವುದು ಚರ್ಮಕ್ಕೆ ಒಳ್ಳೆಯದಲ್ಲ.

ಪೂರ್ತಿ ಸೋರಿ ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾದು, ಬೋಲ್ಟಿನ ವಾಷರನ್ನು ಹೊಸದಕ್ಕೆ ಬದಲಿಸಿ ಮತ್ತೆ ಹಾಕಬೇಕು. ತಾಮ್ರದ್ದಾಗಲಿ ಅಲ್ಯೂಮಿನಿಯಂನದ್ದಾಗಲಿ ಆ ವಾಷರ್ ತಾನು ಅಪ್ಪಚ್ಚಿಯಾಗಿ ಸಂದು ಮುಚ್ಚುವಂಥದ್ದು. ಒಮ್ಮೆ ಅಪ್ಪಚ್ಚಿಯಾದದ್ದು ಎರಡನೆಯ ಸಲ ಅಷ್ಟು ಚೆನ್ನಾಗಿ ಮುಚ್ಚುವುದಿಲ್ಲ, ಆಗ ತೊಟ್ಟಿಕ್ಕುವುದನ್ನು ನಿಲ್ಲಿಸಲು ಜನ ಇನ್ನೂ ಬಿಗಿಯುತ್ತಾರೆ, ಥ್ರೆಡ್ ಹಾಳಾಗುವುದು ಅಲ್ಲಿಯೇ. ಕೆಲವೇ ರೂಪಾಯಿಯ ವಾಷರಿಗೆ ಹಿಂಜರಿದರೆ ಚೇಂಬರಿನ ಬೆಲೆ ತೆರಬೇಕಾಗುತ್ತದೆ, ನಾನು ತೆತ್ತಿದ್ದೇನೆ. ಬೋಲ್ಟನ್ನು ಮೊದಲು ಬೆರಳಿನಿಂದಲೇ ಕೊನೆಯವರೆಗೂ ತಿರುಗಿಸಬೇಕು; ಬೆರಳಿಗೆ ಬಾರದೆ ಅಡ್ಡ ಹಿಡಿದರೆ ಥ್ರೆಡ್ ಸೇರಿಲ್ಲವೆಂದು ಅರ್ಥ, ಬಿಚ್ಚಿ ಮತ್ತೆ ಕೂರಿಸಬೇಕು. ಆಮೇಲೆ ಗಿಡ್ಡ ಪಾನಾದಿಂದ ಒಂದು ಕೈಯ ಬಲದಷ್ಟೇ ಬಿಗಿ ಸಾಕು.

ಫಿಲ್ಟರಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಎರಡು ಸಲಕ್ಕೆ ಒಮ್ಮೆ ಬದಲಿಸಿದರಾಯಿತು ಎಂಬ ಮಾತು ನಮ್ಮ ಕಡೆ ಗಟ್ಟಿಯಾಗಿ ಬೇರೂರಿದೆ. ಫಿಲ್ಟರಿನೊಳಗೆ ಮಡಿಕೆ ಮಡಿಕೆಯಾದ ಕಾಗದವಿರುತ್ತದೆ, ಎಂಜಿನ್ನಿನ ಆಯಿಲೆಲ್ಲ ಅದರ ಮೂಲಕವೇ ಹಾದುಹೋಗಬೇಕು. ಕಾಗದ ಕಸದಿಂದ ಕಟ್ಟಿಕೊಂಡಾಗ ಎಂಜಿನ್ನಿಗೆ ಆಯಿಲೇ ಸಿಗದಂತಾಗಬಾರದೆಂದು ಒಂದು ಬೈಪಾಸ್ ವಾಲ್ವನ್ನು ಇಟ್ಟಿರುತ್ತಾರೆ. ಅದು ತೆರೆದುಕೊಂಡ ಮೇಲೆ ಆಯಿಲ್ ಸೋಸದೆಯೇ ಬೇರಿಂಗುಗಳಿಗೆ ಹೋಗುತ್ತದೆ, ವಾಹನ ಓಡಿಸುವವರಿಗೆ ಅದರ ಸುಳಿವೇ ಸಿಗುವುದಿಲ್ಲ. ಈಗಿನ ಪಿಕಪ್ಪುಗಳ ಟರ್ಬೊ ನಿಮಿಷಕ್ಕೆ ಲಕ್ಷ ಸುತ್ತು ದಾಟಿ ತಿರುಗಬಲ್ಲದು, ಅದರ ಬೇರಿಂಗ್ ನಿಂತಿರುವುದು ತೆಳ್ಳನೆಯ ಆಯಿಲ್ ಪದರದ ಮೇಲೆ. ಅಲ್ಲಿಗೆ ಕಸ ಸೇರಿದ ಆಯಿಲ್ ಹೋದರೆ ಆಗುವ ಖರ್ಚಿನ ಮುಂದೆ ಫಿಲ್ಟರಿನ ಬೆಲೆ ಏನೂ ಅಲ್ಲ.

ಹಳೆ ಫಿಲ್ಟರನ್ನು ಫಿಲ್ಟರ್ ಪಾನಾದಿಂದ ಸಡಿಲಿಸಿ ಬಿಚ್ಚಿದ ಕೂಡಲೇ ಅದರ ರಬ್ಬರ್ ರಿಂಗು ಫಿಲ್ಟರಿನಲ್ಲೇ ಇದೆಯೇ ಎಂದು ನೋಡಬೇಕು. ಕೆಲವೊಮ್ಮೆ ಅದು ಎಂಜಿನ್ನಿಗೇ ಅಂಟಿಕೊಂಡು ಉಳಿದುಬಿಡುತ್ತದೆ. ಅದರ ಮೇಲೆ ಹೊಸ ಫಿಲ್ಟರನ್ನು ಹಾಕಿದರೆ ಎರಡು ರಿಂಗುಗಳು ಒಂದರ ಮೇಲೊಂದು ಕೂತು, ಎಂಜಿನ್ ಚಾಲೂ ಮಾಡಿ ಒತ್ತಡ ಬಂದೊಡನೆ ಒಂದು ಜಾರಿ, ನಿಮಿಷಗಳಲ್ಲೇ ಆಯಿಲೆಲ್ಲ ನೆಲಕ್ಕೆ ಸುರಿಯುತ್ತದೆ. ನನಗೆ ಕಲಿಸಿದ ಹಿರಿಯರು ಮೊದಲ ದಿನವೇ ಹೇಳಿದ ಮಾತು ಇದು: "ನೋಡಪ್ಪ, ಫಿಲ್ಟರ್ ಬಿಚ್ಚಿದ ಮೇಲೆ ಆ ಜಾಗಾನ ಬಟ್ಟೇಲಿ ಒರೆಸಿ, ಬೆರಳು ಸುತ್ತ ಆಡಿಸಿ ನೋಡು. ಕಣ್ಣಿಗೆ ಕಾಣ್ದೇ ಇರೋದು ಬೆರಳಿಗೆ ಸಿಗುತ್ತೆ." ಹೊಸ ಫಿಲ್ಟರಿನ ರಿಂಗಿಗೆ ಹೊಸ ಆಯಿಲನ್ನು ಸವರಿ, ಫಿಲ್ಟರ್ ನೆಟ್ಟಗೆ ಕೂರುವಂಥದ್ದಾದರೆ ಅದರೊಳಗೂ ಒಂದಿಷ್ಟು ತುಂಬಿ, ರಿಂಗು ತಾಗುವವರೆಗೆ ತಿರುಗಿಸಿ, ಅಲ್ಲಿಂದ ಮುಂದೆ ಕೈಯಿಂದಲೇ ಮುಕ್ಕಾಲು ಸುತ್ತು ಬಿಗಿದರೆ ಸಾಕು. ಪಾನಾ ಬಿಚ್ಚುವುದಕ್ಕೆ ಮಾತ್ರ. ಫಿಲ್ಟರ್ ಬಟ್ಟಲಿನೊಳಗೆ ಬರಿಯ ಕಾಗದದ ಕೊಳವೆಯನ್ನು ಕೂರಿಸುವ ಬಗೆಯ ವಾಹನಗಳಲ್ಲಿ ಈ ಕ್ರಮ ಬೇರೆಯಿರುತ್ತದೆ, ಅಂಥವರು ಕೈಪಿಡಿಯನ್ನೇ ನೋಡಬೇಕು.

ಆಯಿಲನ್ನು ಕೈಪಿಡಿಯಲ್ಲಿ ಹೇಳಿದ ಪ್ರಮಾಣಕ್ಕಿಂತ ಅರ್ಧ ಲೀಟರ್ ಕಡಿಮೆ ಸುರಿದು, ಆಯಿಲ್ ಮಟ್ಟ ತೋರಿಸುವ ಕಡ್ಡಿಯಾದ ಡಿಪ್ ಸ್ಟಿಕ್ ನೋಡಿ, ಗೇರನ್ನು ನ್ಯೂಟ್ರಲ್‌ಗೆ ತಂದು ಎಂಜಿನ್ ಚಾಲೂ ಮಾಡಿ, ಆಯಿಲ್ ಒತ್ತಡದ ಕೆಂಪು ದೀಪ ಆರುವವರೆಗೆ ಆಕ್ಸಿಲೇಟರ್ ತುಳಿಯದೆ ಕಾಯಬೇಕು. ಎರಡು ನಿಮಿಷ ಓಡಿಸಿ ಕೆಳಗೆ ಸೋರಿಕೆ ನೋಡಿ, ಆರಿಸಿ, ಐದು ನಿಮಿಷ ಬಿಟ್ಟು ಮತ್ತೆ ಡಿಪ್ ಸ್ಟಿಕ್ ನೋಡಿದರೆ ಫಿಲ್ಟರ್ ಕುಡಿದ ಆಯಿಲಿನ ಲೆಕ್ಕ ಸಿಗುತ್ತದೆ, ಆಗ ಉಳಿದದ್ದನ್ನು ಸೇರಿಸಬೇಕು. ಮೇಲಿನ ಗೆರೆ ದಾಟಬಾರದು. ಡಿಪಿಎಫ್ ಇರುವ ವಾಹನದಲ್ಲಿ ನಾವು ಸುರಿಯದೆಯೇ ಮಟ್ಟ ಏರುತ್ತಿದ್ದರೆ ಉರಿಯದ ಡೀಸೆಲ್ ಆಯಿಲಿಗೆ ಬೆರೆಯುತ್ತಿರಬಹುದು. ಅಂಥ ವಾಹನವನ್ನು ಓಡಿಸದೆ ತಿಳಿದವರಿಗೆ ತೋರಿಸಬೇಕು.

ಇಷ್ಟಕ್ಕೆ ನನಗೆ ಮುಕ್ಕಾಲು ಗಂಟೆ ಸಾಕು. ಪತ್ರ ಬರೆಯಲು ಕೂರಿಸಿದ್ದು ಆ ಮುಕ್ಕಾಲು ಗಂಟೆಯ ನಂತರ ಕೈಯಲ್ಲಿ ಉಳಿಯುವ ಆರು ಲೀಟರ್ ಕಪ್ಪು ಆಯಿಲ್. ನಮ್ಮ ಕಡೆ ಅದಕ್ಕೆ ನೂರು ಉಪಯೋಗಗಳನ್ನು ಹೇಳುತ್ತಾರೆ. ಗೆದ್ದಲು ಹತ್ತದಿರಲೆಂದು ಬೇಲಿಯ ಕಂಬದ ಬುಡಕ್ಕೆ ಸುರಿಯುವವರಿದ್ದಾರೆ, ಸೆಂಟ್ರಿಂಗ್ ಹಲಗೆಗೆ ಬಳಿಯುವವರಿದ್ದಾರೆ, ದನಗಳ ಉಣ್ಣೆಗೆ ಮದ್ದೆಂದು ಮೈಗೆ ಸವರುವುದನ್ನೂ ಕಂಡಿದ್ದೇನೆ. ಎತ್ತು ತನ್ನ ಮೈಯನ್ನು ನಾಲಿಗೆಯಿಂದ ನೆಕ್ಕಿಕೊಳ್ಳುತ್ತದೆ ಎಂಬುದನ್ನು ದನ ಕಟ್ಟಿದವರಿಗೆ ನಾನು ಹೇಳಿಕೊಡಬೇಕೇ? ಯಾವ ಉಪಯೋಗವೂ ತೋಚದಿದ್ದಾಗ ಚರಂಡಿಗೆ ಸುರಿಯುತ್ತಾರೆ. ನಾನೂ ಮೊದಲ ಸಲ ಹಿತ್ತಿಲ ಕಾಲುವೆಯ ಬಳಿ ಕ್ಯಾನ್ ಹಿಡಿದು ನಿಂತಿದ್ದಾಗ, ನೆರೆಮನೆಯ ಚಿಕ್ಕಪ್ಪನವರು, "ಸುರಿದುಬಿಡಪ್ಪ, ಮಳೆ ಬಂದ್ರೆ ಎಲ್ಲಾ ಕೊಚ್ಕೊಂಡು ಹೋಗುತ್ತೆ" ಎಂದರು. ಕೊಚ್ಚಿಕೊಂಡು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿದಾಗ ಕೈ ಹಿಂದೆ ಬಂತು. ಆ ಕಾಲುವೆ ಹೋಗಿ ಸೇರುವುದು ನಮ್ಮೂರ ಕೆರೆಗೆ, ನಮ್ಮ ಕೆರೆ ಕೋಡಿ ಬಿದ್ದರೆ ಮುಂದಿನ ಊರಿನ ಕೆರೆಗೆ.

ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು. ಸಾವಿರ ಅಡಿ ದಾಟಿ ಕೊಳವೆಬಾವಿ ಕೊರೆದು, ಸಿಕ್ಕ ನೀರಿನಲ್ಲಿ ಫ್ಲೋರೈಡ್ ಇದೆಯೆಂದು ಮತ್ತೆ ಶುದ್ಧೀಕರಣ ಘಟಕಕ್ಕೆ ಕ್ಯಾನ್ ಹಿಡಿದು ಹೋಗುವವರು ನಾವು. ಅಂತರ್ಜಲ ಮೇಲೆ ಬರಲೆಂದು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ನಮ್ಮ ಕೆರೆಗಳಿಗೆ ಹರಿಸುತ್ತಿದ್ದಾರೆ. ಆ ನೀರು ಎಷ್ಟು ಶುದ್ಧ ಎಂಬ ಬಗ್ಗೆ ನಾವು ವರ್ಷಗಳಿಂದ ಚರ್ಚಿಸುತ್ತಿದ್ದೇವೆ, ಅದು ಬೇಕಾದ ಚರ್ಚೆಯೇ. ಆದರೆ ಅದೇ ಕೆರೆಗೆ ನಮ್ಮ ಅಂಗಳದಿಂದ ಹೋಗುವ ಆಯಿಲಿನ ಮಾತನ್ನು ಯಾರೂ ಎತ್ತಿದ್ದು ನನಗೆ ನೆನಪಿಲ್ಲ. ಒಂದು ಸಲ ಬದಲಿಸುವಾಗ ಇಳಿಸಿದ ಆಯಿಲ್ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ತನ್ನ ಜನರನ್ನು ಎಚ್ಚರಿಸುತ್ತದೆ. ಒಂದು ಗ್ಯಾಲನ್ ಎಂದರೆ ಪೌಣೆ ನಾಲ್ಕು ಲೀಟರಿಗಿಂತ ತುಸು ಹೆಚ್ಚು. ನಮ್ಮದು ಆರು ಲೀಟರ್, ಅದೂ ಊರಿಗೆ ಹತ್ತಾರು ವಾಹನ.

ಕಾನೂನು ಇಲ್ಲವೆಂದಲ್ಲ. 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮದಲ್ಲಿ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯಗಳ ಪಟ್ಟಿಯಲ್ಲಿದೆ. 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆ ನಿಯಮಕ್ಕೆ ತಿದ್ದುಪಡಿ ತಂದು, 2024ರ ಏಪ್ರಿಲ್ 1ರಿಂದ ಆಯಿಲ್ ತಯಾರಿಸುವ ಮತ್ತು ಆಮದು ಮಾಡುವ ಕಂಪನಿಗಳೇ ಬಳಸಿದ ಆಯಿಲಿನ ಮರುಬಳಕೆಯ ಹೊಣೆ ಹೊರಬೇಕೆಂದು ವಿಧಿಸಿದೆ. ಶೇ 5ರಿಂದ ಆರಂಭವಾಗುವ ಆ ಗುರಿ ವರ್ಷ ವರ್ಷಕ್ಕೂ ಏರುತ್ತ ಹೋಗಬೇಕು. ಬಳಸಿದ ಆಯಿಲ್ ಕಸವೂ ಅಲ್ಲ. ನೀರು, ಮಸಿ ತೆಗೆದು ಬಟ್ಟಿ ಇಳಿಸಿದರೆ ಅದರಿಂದ ಮತ್ತೆ ಮೂಲ ಆಯಿಲ್ ಸಿಗುತ್ತದೆ. ದೊಡ್ಡ ವರ್ಕ್‌ಶಾಪುಗಳಿಂದ ಅದನ್ನು ಡ್ರಮ್ಮುಗಟ್ಟಲೆ ಕೊಂಡು ಒಯ್ಯುವವರಿದ್ದಾರೆ. ಆರು ಲೀಟರಿನವನನ್ನು ಕೇಳುವವರಿಲ್ಲ. ನಾನು ಒಮ್ಮೆ ಕ್ಯಾನ್ ಹೊತ್ತು ಪೇಟೆಯಲ್ಲಿ ನಾಲ್ಕು ಕಡೆ ವಿಚಾರಿಸಿದೆ. ಇಬ್ಬರು ಬೇಡವೆಂದರು, ಒಬ್ಬರು ಸೆಂಟ್ರಿಂಗ್ ಕೆಲಸಕ್ಕೆ ಆಗುತ್ತದೆ ಕೊಡಿ ಎಂದರು, ಇನ್ನೊಬ್ಬರು ಅಂಗಡಿಯ ಪಕ್ಕದ ಮೋರಿಯನ್ನೇ ತೋರಿಸಿದರು. ಕ್ಯಾನನ್ನು ಮತ್ತೆ ಮನೆಗೇ ತಂದೆ.

ಆದ್ದರಿಂದ ಜಿಲ್ಲಾಡಳಿತದಲ್ಲಿಯೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿಯೂ ನನ್ನ ವಿನಂತಿ ಇಷ್ಟೇ. ಕೋಲಾರದ ಎಪಿಎಂಸಿ ಪ್ರಾಂಗಣದಲ್ಲಿ ಮತ್ತು ನಮ್ಮ ತಾಲ್ಲೂಕಿನ ವಡ್ಡಹಳ್ಳಿ ಮಾರುಕಟ್ಟೆಯಲ್ಲಿ ಮುಚ್ಚಳವಿರುವ, ನೆರಳಿನಲ್ಲಿಟ್ಟ ಒಂದೊಂದು ಡ್ರಮ್ಮನ್ನು ಇರಿಸಿ, ಮಂಡಳಿಯಲ್ಲಿ ನೋಂದಾಯಿಸಿಕೊಂಡ ಸಂಗ್ರಹಕಾರರು ತಿಂಗಳಿಗೊಮ್ಮೆ ಬಂದು ಒಯ್ಯುವಂತೆ ಮಾಡಬೇಕು. ಮಾರುಕಟ್ಟೆಗೆ ಹೇಗೂ ನಾವು ವಾಹನದಲ್ಲಿಯೇ ಬರುತ್ತೇವೆ, ಕ್ಯಾನ್ ತರುವುದು ಹೊರೆಯಲ್ಲ. ಗ್ರಾಮ ಪಂಚಾಯಿತಿಗಳ ಕಸ ವಿಲೇವಾರಿ ಘಟಕಗಳಲ್ಲಿಯೂ ಇದನ್ನು ಮಾಡಬಹುದಾದರೂ, ಮೊದಲು ಮಾರುಕಟ್ಟೆಯಿಂದ ಆರಂಭಿಸುವುದು ಸುಲಭವೆಂದು ನನಗನಿಸುತ್ತದೆ. ಹೊಸ ಆಯಿಲ್ ಮಾರುವ ಅಂಗಡಿಗಳೇ ಹಳೆಯದನ್ನು ಹಿಂದಕ್ಕೆ ಪಡೆಯುವಂತೆ ಕಂಪನಿಗಳು ಏರ್ಪಾಡು ಮಾಡಿದರೆ ಇನ್ನೂ ಒಳ್ಳೆಯದು. ದುಡ್ಡು ಕೊಡಬೇಕೆಂದು ನಾವು ಕೇಳುತ್ತಿಲ್ಲ.

ಅಲ್ಲಿಯವರೆಗೆ ಮನೆಯಲ್ಲಿ ಬದಲಿಸುವವರು ಹಳೆ ಆಯಿಲನ್ನು ಬಿಗಿಯಾದ ಮುಚ್ಚಳದ ಕ್ಯಾನಿನಲ್ಲಿ, ಮೇಲೆ ಹೆಸರು ಬರೆದು, ಮಕ್ಕಳಿಗೂ ದನಕರುಗಳಿಗೂ ಸಿಗದಂತೆ ಎತ್ತಿಡಬೇಕು. ಅದಕ್ಕೆ ನೀರು, ಕೂಲೆಂಟ್, ಬ್ರೇಕ್ ಆಯಿಲ್, ಡೀಸೆಲ್ ಬೆರೆಸಬಾರದು. ಬೆರೆತರೆ ಶುದ್ಧೀಕರಿಸುವವರಿಗೆ ಅದು ಬೇಡವಾಗುತ್ತದೆ. ಕೀಟನಾಶಕದ ಖಾಲಿ ಡಬ್ಬವನ್ನಂತೂ ಬಳಸಲೇಬಾರದು. ಹಳೆ ಫಿಲ್ಟರನ್ನು ತಲೆಭಾಗಕ್ಕೆ ತೂತು ಹೊಡೆದು ಒಂದು ರಾತ್ರಿ ಕ್ಯಾನಿನ ಬಾಯಿಯ ಮೇಲೆ ಬೋರಲು ಹಾಕಿದರೆ ಅದರೊಳಗಿನ ಆಯಿಲೂ ಇಳಿಯುತ್ತದೆ. ನನ್ನ ಪಂಪ್‌ಸೆಟ್ ಮನೆಯ ಮೂಲೆಯಲ್ಲಿ ಇಪ್ಪತ್ತು ಲೀಟರಿನ ಎರಡು ಕ್ಯಾನುಗಳಿವೆ. ಒಂದು ತುಂಬಿದೆ, ಇನ್ನೊಂದು ಅರ್ಧ ದಾಟಿದೆ, ಬರುವ ಸುಗ್ಗಿಗೆ ಮುನ್ನ ಮತ್ತೆ ಆರು ಲೀಟರ್ ಇಳಿಯಲಿದೆ. ಜಾಗ ಎಲ್ಲಿ ಎಂದು ಇಲಾಖೆಯವರು ಈ ಪತ್ರಿಕೆಯ ಮೂಲಕ ತಿಳಿಸಿದ ದಿನವೇ ಅವನ್ನು ತಂದು ಒಪ್ಪಿಸಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಟೊಮೆಟೊ ಬೆಳೆಗಾರ,
ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ